ಊರು ದಾಟುವ ಪರವಾನಗಿ

ಅವರು ಹುಚ್ಚರಾಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅವರು ತೀರಿಕೊಂಡ ಸುದ್ದಿ ನನಗೆ ಬಂದದ್ದು ಆ ಮಾತಿನ ಜೊತೆಯಲ್ಲೇ. ಕಳೆದ ತಿಂಗಳು ಮೈಸೂರಿನ ಒಂದು ಮದುವೆಯ ಊಟದಲ್ಲಿ, ದುಬೈಯಲ್ಲಿ ನಮ್ಮ ಜೊತೆಗಿದ್ದವರೊಬ್ಬರು ಎದುರು ಪಂಕ್ತಿಯಿಂದ ಬಗ್ಗಿ ಹೇಳಿದರು: "ಸತ್ವಾ ಗ್ಯಾರೇಜಿನ ಮಿಸ್ತ್ರಿ ನೆನಪಿದಾರಾ? ಹೋಗ್ಬಿಟ್ರಂತೆ, ಹುಬ್ಬಳ್ಳೀಲಿ. ಒಂದು ಬೈಕ್ ಲೈಸನ್ಸಿಗೆ ನಾಲ್ಕು ವರ್ಷ ಹೊಡೆದಾಡಿದ ಹುಚ್ಚ ಕಣ್ರೀ ಆತ!" ಆಚೀಚೆ ಕೂತವರು ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಕೈಕಾಲು ತೊಳೆಯುವ ಹೊತ್ತಿಗೆ ಮೈಯೆಲ್ಲ ಉರಿಯತೊಡಗಿತು. ಅಂಥ ಮನುಷ್ಯನ ಸಾವಿನ ಸುದ್ದಿಗೆ ನಗುವುದೆಂದರೇನು? ಅವರು ಕೇಳಿದ್ದಾದರೂ ಏನು? ಯಾರದೋ ಆಸ್ತಿಯನ್ನೇ, ಯಾರದೋ ಕುರ್ಚಿಯನ್ನೇ? ತನ್ನ ಗಾಡಿಯಲ್ಲಿ ತಾನು, ಯಾರಿಗೂ ಹೆದರದೆ, ಊರಾಚೆಯ ಬೆಟ್ಟದವರೆಗೆ ಹೋಗಿಬರಬೇಕು ಅಂತ ಕೇಳಿದರು. ಅದಕ್ಕೆ ನಾಲ್ಕು ವರ್ಷ ಹಿಡಿಸಿದವರು ಹುಚ್ಚರೋ, ಪಟ್ಟು ಹಿಡಿದವರು ಹುಚ್ಚರೋ?

ನಾನು ತೊಂಬತ್ತರ ದಶಕದ ನಡುವಿನಲ್ಲಿ ದುಬೈಗೆ ಹೋದವನು. ಕರಾಮದಲ್ಲಿದ್ದ ಒಂದು ಸಣ್ಣ ಕಂಪನಿಯ ಕಚೇರಿಯಲ್ಲಿ ಗುಮಾಸ್ತ. ಕಂಪನಿಗೆ ಪಿಕಪ್ಪುಗಳನ್ನು ಬಾಡಿಗೆಗೆ ಬಿಡುವ ವ್ಯವಹಾರವಿತ್ತು. ಸತ್ವಾದ ಒಂದು ಗಲ್ಲಿಯಲ್ಲಿ, ದರ್ಜಿ ಅಂಗಡಿಗಳ ಹಿಂದೆ, ಮೋಟಾರ್‌ಸೈಕಲ್ ರಿಪೇರಿಯ ಗ್ಯಾರೇಜೂ ಇತ್ತು. ಹದಿನೆಂಟು ಜನ ಕೆಲಸಗಾರರು. ಅವರ ವೀಸಾ, ಲೇಬರ್ ಕಾರ್ಡು, ರಜೆ ಅರ್ಜಿ, ಹಾಜರಿ ಪುಸ್ತಕ ಎಲ್ಲವೂ ನನ್ನ ಮೇಜಿನ ಮೇಲೆ. ಮಾಲೀಕರು ವಯಸ್ಸಾದ ಅರಬ್ಬಿ. ಎಲ್ಲರೂ ಅರಬಾಬ್ ಎನ್ನುತ್ತಿದ್ದರು. ಅವರು ಕಚೇರಿಗೆ ಬರುತ್ತಿದ್ದದ್ದು ಹಬ್ಬಕ್ಕೊಮ್ಮೆ. ದಿನನಿತ್ಯದ ಯಜಮಾನಿಕೆಯೆಲ್ಲ ನಮ್ಮ ಮ್ಯಾನೇಜರದು. ಮ್ಯಾನೇಜರ್ ಬೆಂಗಳೂರಿನವರು. ಸೊಗಸಾದ ಕನ್ನಡ ಮಾತಾಡುತ್ತಿದ್ದರು. ರಾಜ್ಯೋತ್ಸವಕ್ಕೆ ನಾವೆಲ್ಲ ಸೇರಿದಾಗ, ಹೊರನಾಡಿನಲ್ಲಿ ಕನ್ನಡಿಗನಿಗೆ ಕನ್ನಡಿಗನೇ ಆಸರೆ ಎಂದು ಭಾಷಣವನ್ನೂ ಮಾಡುತ್ತಿದ್ದರು. ಈ ವಿವರವನ್ನು ಬೇಕೆಂದೇ ಬರೆಯುತ್ತಿದ್ದೇನೆ.

ಮಿಸ್ತ್ರಿಗೆ ಆಗ ನಲವತ್ತೆರಡು, ನಲವತ್ಮೂರು. ಕುಳ್ಳು ಮೈ, ಅಗಲವಾದ ಅಂಗೈ. ಓದುವ ಕನ್ನಡಕದ ಒಂದು ಕಡ್ಡಿ ಮುರಿದಿತ್ತು, ಅದಕ್ಕೆ ತಾಮ್ರದ ತಂತಿ ಸುತ್ತಿಕೊಂಡಿದ್ದರು. ಕಚೇರಿಗೆ ಬರುವಾಗ ಕೈಯನ್ನು ಪೆಟ್ರೋಲಿನಲ್ಲಿ ಒಮ್ಮೆ, ಸೋಪಿನಲ್ಲಿ ಎರಡು ಸಲ ತೊಳೆದುಕೊಂಡು ಬರುತ್ತಿದ್ದರು. ಆದರೂ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. "ಕೂತ್ಕೊಳ್ಳಿ" ಅಂದರೆ, "ನಿಮ್ಮ ಕುರ್ಚಿಗೆ ಗ್ರೀಸ್ ಹತ್ತತೈತ್ರಿ ಸರ" ಅನ್ನುತ್ತಿದ್ದರು. ವಿನಯ ಅಂತ ನಾನು ತಿಳಿದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಕೂತು ಮಾತಾಡಿದರೆ ಎದುರಿನವರು ಹೊತ್ತು ಕಳೆಯುತ್ತಾರೆ, ನಿಂತೇ ಇದ್ದರೆ ಬೇಗ ಉತ್ತರ ಕೊಡುತ್ತಾರೆ ಎಂಬುದು ಅವರ ಲೆಕ್ಕಾಚಾರ.

ಅವರ ಬಾಯಲ್ಲಿ ಸದಾ ಇದ್ದ ಮಾತು ಒಂದೇ: "ಬರದು ಕೊಡ್ರಿ." ರಜೆ ಇಲ್ಲ ಅಂದರೆ, ಬರದು ಕೊಡ್ರಿ. ಸ್ಪೇರ್ ಪಾರ್ಟ್ ತರಿಸುವುದಿಲ್ಲ ಅಂದರೆ, ಬರದು ಕೊಡ್ರಿ. ಸಿಟ್ಟಿನಿಂದ ಹೇಳುತ್ತಿರಲಿಲ್ಲ, ಬೆರಳ ಗೆಣ್ಣಿನಿಂದ ಮೇಜಿಗೆ ಎರಡು ಸಲ ಮೆಲ್ಲಗೆ ಬಡಿದು ಹೇಳುತ್ತಿದ್ದರು. ಆದರೂ ಆ ಎರಡು ಬಡಿತಕ್ಕೆ ನಮ್ಮ ಮ್ಯಾನೇಜರ್ ಮುಖ ಹುಳ್ಳಗಾಗುತ್ತಿತ್ತು. ಬಾಯಲ್ಲಿ ಸುಲಭವಾಗಿ ಹೇಳುವ ಅನ್ಯಾಯವನ್ನು ಕಾಗದದ ಮೇಲೆ ಬರೆದು ಸಹಿ ಹಾಕಲು ಯಾರಿಗೂ ಮನಸ್ಸಾಗುವುದಿಲ್ಲ.

ಮಿಸ್ತ್ರಿ ಎಂಬ ಹೆಸರಿನಲ್ಲೇ ಅವರ ಸಂಕಟ ಇತ್ತು. ಹುಬ್ಬಳ್ಳಿಯಲ್ಲಿ ಮೋಟಾರ್‌ಸೈಕಲ್ ರಿಪೇರಿ ಮಾಡುವವರನ್ನೂ ಮಿಸ್ತ್ರಿ ಅನ್ನುತ್ತಾರೆ. ಮುಂಬಯಿಯ ಏಜೆಂಟ್ ಕೆಲಸ ಏನು ಅಂತ ಕೇಳಿದಾಗ ಇವರು ಮಿಸ್ತ್ರಿ ಅಂದರು. ಅವನ ಕಿವಿಗೆ ಮಿಸ್ತ್ರಿ ಅಂದರೆ ಗೋಡೆ ಕಟ್ಟುವವ. ವೀಸಾದಲ್ಲಿ ಗಾರೆ ಕೆಲಸದವ ಅಂತ ಬಂತು. ಇಳಿದ ದಿನವೇ ತಿದ್ದಿಸಬಹುದಾಗಿದ್ದ ತಪ್ಪು. ಕಂಪನಿಗೂ ಆಗ ಗಾರೆ ಕೆಲಸದವರ ಲೆಕ್ಕದಲ್ಲೇ ವೀಸಾ ಸುಲಭವಾಗಿ ಸಿಗುತ್ತಿದ್ದರಿಂದ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಒಂದು ಇಟ್ಟಿಗೆಯ ಮೇಲೆ ಇನ್ನೊಂದು ಇಟ್ಟಿಗೆ ಇಟ್ಟು ಗೊತ್ತಿಲ್ಲದ ಮನುಷ್ಯ ಕಾಗದದಲ್ಲಿ ಗಾರೆಯವನಾಗಿ ವರ್ಷಗಟ್ಟಲೆ ಎಂಜಿನ್ ಬಿಚ್ಚಿದರು.

ಅದರಿಂದೇನು ಅಂತ ನೀವು ಕೇಳಬಹುದು. ಆಗಿನ ನಿಯಮದಲ್ಲಿ ಲೈಸನ್ಸಿಗೆ ಅರ್ಜಿ ಹಾಕುವಾಗ ವೀಸಾದಲ್ಲಿ ಬರೆದ ಹುದ್ದೆಯನ್ನು ನೋಡುತ್ತಿದ್ದರು. ಗಾರೆ ಕೆಲಸದವನಿಗೆ ಗಾಡಿ ಯಾಕೆ ಎಂದು ಫೈಲನ್ನೇ ತೆರೆಯುತ್ತಿರಲಿಲ್ಲ. ಜೊತೆಗೆ ಎನ್‌ಓಸಿ ಬೇಕು, ಅಂದರೆ ಇವರು ಲೈಸನ್ಸ್ ಮಾಡಿಸಿಕೊಳ್ಳಲು ನಮ್ಮ ಅಡ್ಡಿಯಿಲ್ಲ ಎಂದು ಕಂಪನಿ ಬರೆದುಕೊಡುವ ಪತ್ರ. ಹೀಗಾಗಿ ಗ್ಯಾರೇಜಿನಲ್ಲಿ ಒಂದು ನಗೆಪಾಟಲಿನ ವ್ಯವಸ್ಥೆ ನಡೆಯುತ್ತಿತ್ತು. ಮಿಸ್ತ್ರಿ ಗಾಡಿ ರಿಪೇರಿ ಮಾಡುವುದು, ಓಡಿಸಿ ನೋಡುವುದು ಪೇಂಟರ್ ಖಾನ್. ಪೇಶಾವರದ ಆ ಪಠಾಣನಿಗೆ ಲೈಸನ್ಸ್ ಇತ್ತು, ಕಿವಿ ಇರಲಿಲ್ಲ. ಎರಡು ಸುತ್ತು ಹೊಡೆದು ಬಂದು "ಏಕ್‌ದಮ್ ಠೀಕ್" ಅನ್ನುತ್ತಿದ್ದ. ಮಿಸ್ತ್ರಿ ಗಲ್ಲಿಯ ಬಾಯಲ್ಲಿ ಕಣ್ಣು ಮುಚ್ಚಿ ನಿಂತು, ದೂರದಿಂದ ಬರುವ ಸದ್ದನ್ನಷ್ಟೇ ಕೇಳಿ, "ಠೀಕ್ ಇಲ್ಲ, ಚೈನ್ ಬಿಗಿ ಐತಿ" ಎಂದು ಮತ್ತೆ ಬಿಚ್ಚಲು ಕೂರುತ್ತಿದ್ದರು.

ಶನಿವಾರ ಬೆಳಿಗ್ಗೆ ಗ್ಯಾರೇಜಿಗೆ ಬರುತ್ತಿದ್ದ ದೊಡ್ಡ ಗಾಡಿಗಳಿಗೆಲ್ಲ ಕೆಂಪು ಧೂಳು ಅಂಟಿರುತ್ತಿತ್ತು. ಶುಕ್ರವಾರದ ರಜೆಯಲ್ಲಿ ಬಿಳಿಯರು ಹತ್ತಾ ಎಂಬ ಊರಿನ ಕಡೆ, ಬೆಟ್ಟಗಳ ಕಡೆ ಹೋಗಿ ಬರುತ್ತಿದ್ದರು. ಮಿಸ್ತ್ರಿ ಆ ಧೂಳನ್ನು ಬೆರಳಲ್ಲಿ ಉಜ್ಜಿ ನೋಡುತ್ತಿದ್ದರು. ಊರಲ್ಲಿದ್ದಾಗ ಅವರು ಭಾನುವಾರ ಬಂತೆಂದರೆ ಹಳೆಯ ಬುಲೆಟ್ ಹತ್ತಿ ಘಟ್ಟ ಇಳಿದು ಕಾರವಾರದ ಕಡಲು ನೋಡಿ ರಾತ್ರಿಯೊಳಗೆ ಹುಬ್ಬಳ್ಳಿಗೆ ವಾಪಸಾಗುತ್ತಿದ್ದವರು. ಇಲ್ಲಿ ಏಳು ವರ್ಷದಲ್ಲಿ ನೋಡಿದ್ದು ವಿಮಾನ ನಿಲ್ದಾಣ, ಸತ್ವಾ, ಕರಾಮ, ಮೂರೇ.

"ಗಾಡಿ ಅಂದ್ರ ಊರು ದಾಟಬೇಕ್ರಿ ಸರ. ಊರಾಗ ಸುತ್ತೂದು ಗಾಡಿ ಅಲ್ಲ, ಅದು ಗಿರಣಿ," ಎಂದಿದ್ದರು ಒಮ್ಮೆ.

"ಹಾಗಾದ್ರೆ ಶುಕ್ರವಾರ ಬೆಳಗಿನ ಜಾವ ಸುಮ್ಮನೆ ಹೋಗಿಬನ್ನಿ. ಆ ಹೊತ್ತಲ್ಲಿ ಯಾರು ಹಿಡೀತಾರೆ?" ಅಂದೆ. ಎಲ್ಲರೂ ಅವರಿಗೆ ಕೊಡುತ್ತಿದ್ದ ಸಲಹೆ ಅದೇ.

ಅವರ ಮುಖ ಕೆಂಪಾಯಿತು. "ಕಳ್ಳ ಹೋದಂಗ ಹೋಗ್ಲೇನ್ರಿ? ನಾ ಏನ್ ಕದ್ದೀನಿ?"

ಆ ಸಿಟ್ಟಿನ ಹಿಂದೆ ಒಂದು ಕತೆಯಿತ್ತು. ಸತ್ವಾದಲ್ಲಿ ಕೆಲಸಗಾರರು ಹಂಚಿಕೊಂಡಿದ್ದ ವಿಲ್ಲಾದಲ್ಲಿ ಅವರ ಕೋಣೆಯಲ್ಲೇ ಗದಗಿನ ಕಡೆಯ ಒಬ್ಬ ಬಡಗಿ ಇದ್ದ. ಯಾರದೋ ಬೈಕು ಕೇಳಿ ತೆಗೆದುಕೊಂಡು ಔಷಧಿ ತರಲು ಹೋದವನಿಗೆ ಕೆಂಪು ದೀಪ ದಾಟಿ ಬಂದ ಕಾರು ಗುದ್ದಿತು. ತಪ್ಪು ಕಾರಿನವನದು, ನೋಡಿದವರಿದ್ದರು. ಆದರೆ ಬಡಗಿಗೆ ಲೈಸನ್ಸ್ ಇರಲಿಲ್ಲ. ಆಸ್ಪತ್ರೆಯಿಂದ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ನೇರ ಜೈಲಿಗೆ, ಅಲ್ಲಿಂದ ಊರಿಗೆ. ಮಿಸ್ತ್ರಿ ಅವನ ಬಟ್ಟೆಬರೆಯ ಪೆಟ್ಟಿಗೆಯನ್ನು ಕಟ್ಟಿ ಕಳಿಸಿದವರು. "ತಪ್ಪು ಯಾರದು ಅಂತ ಯಾರೂ ಕೇಳ್ಲಿಲ್ರಿ. ಕಾಗದ ಇಲ್ಲಂದ ಕೂಡ್ಲೆ ಎಲ್ಲಾ ತಪ್ಪು ಅವಂದ ಆತು. ನಂಗ ಕಾಗದ ಬೇಕು. ಗುದ್ದಿಸಿಕೊಂಡ್ರೂ ನೆಟ್ಟಗ ನಿಂತು ಗುದ್ದಿಸಿಕೋಬೇಕು."

ಗಾಡಿ ಅವರಿಗೆ ತಾನಾಗಿ ಒದಗಿತು. ಆಸ್ಟ್ರೇಲಿಯಾದ ಎಂಜಿನಿಯರೊಬ್ಬ ಊರು ಬಿಡುವಾಗ, ಮರಳಿನಲ್ಲಿ ಬಿದ್ದು ಮುಂಭಾಗ ಜಜ್ಜಿಹೋಗಿದ್ದ ತನ್ನ ಜಪಾನೀ ಬೈಕನ್ನು ಇವರಿಗೇ ಕೊಟ್ಟ. ಕೊಟ್ಟೆ ಎಂದು ಅವನಿಂದಲೂ ಬರೆಸಿಕೊಂಡರು! ಆರು ತಿಂಗಳಲ್ಲಿ ಅದನ್ನು ಹೊಸದರ ಹಾಗೆ ಮಾಡಿದರು. ಆಮೇಲೆ ಅದಕ್ಕೆ ಬಟ್ಟೆ ಹೊದಿಸಿ ಗ್ಯಾರೇಜಿನ ಮೂಲೆಯಲ್ಲಿ ನಿಲ್ಲಿಸಿದರು. ಗುರುವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ, ಹತ್ತು ನಿಮಿಷ ಸದ್ದು ಕೇಳಿ, ಆರಿಸುತ್ತಿದ್ದರು. ಒಂದು ದಿನವೂ ಗಲ್ಲಿಗಿಳಿಸಲಿಲ್ಲ.

ಎನ್‌ಓಸಿಗೆ ಅರ್ಜಿ ಹಿಡಿದುಕೊಂಡು ಅವರು ಕಚೇರಿಗೆ ಬಂದ ದಿನ ನಾನು ಅಲ್ಲೇ ಇದ್ದೆ. ಮ್ಯಾನೇಜರ್ ಅರ್ಜಿಯನ್ನು ಓದದೆ ನಕ್ಕರು.

"ನಿನಗ್ಯಾಕಯ್ಯಾ ಲೈಸನ್ಸು? ಗಾರೆ ಕೆಲಸದವನು ನೀನು."

"ಗಾರೆ ಕೆಲಸ ನಂಗ ಬರೂದಿಲ್ರಿ. ಅದು ನೀವು ತಿದ್ದಿಸಬೇಕಿತ್ತು. ಮತ್ತ, ನಾ ನಿಮಗ 'ನೀವು' ಅಂತೀನಿ. ನೀವೂ ಹಂಗ ಅನ್ರಿ."

ಮ್ಯಾನೇಜರ್ ನಗು ನಿಂತಿತು. "ಆಗೋದಿಲ್ಲ. ಹೋಗು."

ಗೆಣ್ಣು ಮೇಜಿನ ಮೇಲೆ ಎರಡು ಸಲ ಬಡಿಯಿತು. "ಬರದು ಕೊಡ್ರಿ."

ಅವರು ಹೋದ ಮೇಲೆ ಮ್ಯಾನೇಜರ್ ನನಗೆ ಹೇಳಿದರು: "ಲೈಸನ್ಸ್ ಸಿಕ್ಕಿದ್ರೆ ಇವನು ಬೇರೆ ಕಡೆ ಹಾರ್ತಾನೆ. ಇವತ್ತು ಇವನಿಗೆ ಕೊಟ್ರೆ ನಾಳೆ ಹದಿನೆಂಟೂ ಜನ ಸಾಲಾಗಿ ನಿಲ್ತಾರೆ. ಅರಬಾಬ್ ಒಪ್ಪಲಿಲ್ಲ ಅಂತ ಹೇಳ್ಬಿಡಿ." ಅರಬಾಬರನ್ನು ಯಾರೂ ಕೇಳಿರಲಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಮರುದಿನ ನಾನೇ ಗ್ಯಾರೇಜಿಗೆ ಹೋಗಿ, ಮುಖದ ಮೇಲೆ ಒಂದಿಷ್ಟು ಮರುಕ ತಂದುಕೊಂಡು, "ಅರಬಾಬ್ ಒಪ್ಪಲಿಲ್ಲ, ಮಿಸ್ತ್ರಿ" ಅಂದೆ. ಅವರು ಸುಮ್ಮನೆ ತಲೆಯಾಡಿಸಿದರು. ಆರು ತಿಂಗಳಿಗೊಮ್ಮೆ ಅರ್ಜಿ ಹಾಕಿದರು, ಆರು ತಿಂಗಳಿಗೊಮ್ಮೆ ನಾನು ಅದೇ ಸುಳ್ಳನ್ನು ಅದೇ ಮುಖದಿಂದ ಹೇಳಿದೆ. ಹೀಗೆ ಎರಡೂವರೆ ವರ್ಷ. ಮ್ಯಾನೇಜರ ಮೇಲೆ ನನಗಿರುವ ಸಿಟ್ಟನ್ನು ಬರೆಯುವಾಗ ಇದನ್ನು ಬಿಟ್ಟು ಬರೆದರೆ ನಾನೂ ಅವರ ಹಾಗೆಯೇ ಆಗುತ್ತೇನೆ.

ಕೊನೆಗೆ ಮಿಸ್ತ್ರಿ ಮಾಡಬೇಕಾದ್ದನ್ನು ಮಾಡಿದರು. ಟೈಪಿಂಗ್ ಸೆಂಟರಿನಲ್ಲಿ ಅರ್ಜಿಯನ್ನು ಅರಬ್ಬಿಯಲ್ಲಿ ಟೈಪು ಮಾಡಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಒಂದು ಸಂಜೆ ಪ್ರಾರ್ಥನೆಯ ನಂತರ ನೇರ ಅರಬಾಬರ ಮನೆಯ ಬಾಗಿಲಿಗೇ ಹೋದರು. ಅಲ್ಲಿ ನಡೆದದ್ದನ್ನು ಅವರೇ ನನಗೆ ಹೇಳಿದ್ದು. ಅರಬಾಬ್ ಇವರನ್ನು ಮಜ್ಲಿಸ್ ಎನ್ನುವ ಪಡಸಾಲೆಯಲ್ಲಿ ಕೂರಿಸಿ, ಖರ್ಜೂರ, ಕಹವಾ ಕಾಫಿ ಕೊಟ್ಟು, ಕಾಗದ ಓದಿ, ತಮ್ಮ ಹರಕು ಹಿಂದಿಯಲ್ಲಿ ಕೇಳಿದರಂತೆ: "ಇತ್ನಾ ಸಾಲ್ ಕಾಮ್ ಕರ್ತಾ, ಅಭಿ ಬೋಲ್ತಾ?" ಇಷ್ಟು ವರ್ಷ ಕೆಲಸ ಮಾಡಿ ಈಗ ಕೇಳುತ್ತಿದ್ದೀಯಾ ಅಂತ. ಇವರು, ಐದು ಸಲ ಕೇಳಿದ್ದೇನೆ, ನೀವು ಒಪ್ಪಲಿಲ್ಲವಂತೆ ಅಂದರು. ಮುದುಕರ ಹುಬ್ಬು ಮೇಲಕ್ಕೇರಿತಂತೆ. "ಅನಾ?" ನಾನೇ? ಎಂದು ಎದೆಯ ಮೇಲೆ ಕೈಯಿಟ್ಟುಕೊಂಡು, "ಲೇಶ್ ಲಾ?" ಯಾಕಾಗಬಾರದು? ಎಂದು ಅಲ್ಲೇ ಸಹಿ ಹಾಕಿ ಮೊಹರು ಒತ್ತಿದರು.

ಈ ಕತೆ ಹೇಳಿ ಮುಗಿಸಿ ಮಿಸ್ತ್ರಿ ತಂತಿ ಸುತ್ತಿದ ಕನ್ನಡಕ ತೆಗೆದು ನನ್ನನ್ನು ನೋಡಿದರು. "ಅರಬಾಬ್ರನ್ನ ಯಾರೂ ಕೇಳಿದ್ದಿಲ್ಲ ಅಂತ ನಿಮಗ ಗೊತ್ತಿತ್ತೇನ್ರಿ?"

"ಇಲ್ಲ ಮಿಸ್ತ್ರಿ, ಮ್ಯಾನೇಜರ್ ಹೇಳಿದ್ದನ್ನು ನಾನು ನಂಬಿದ್ದೆ," ಅಂದೆ.

"ನಾನೂ ನಿಮ್ಮನ್ನ ನಂಬಿದ್ದೆ," ಅಂದರು. ಅಷ್ಟಕ್ಕೇ ಬಿಟ್ಟರು.

ಆಮೇಲಿನ ಒಂದೂವರೆ ವರ್ಷ ಕಾಗದಗಳದು. ಹುದ್ದೆ ಬದಲಿಸಲು ಐಟಿಐ ಸರ್ಟಿಫಿಕೇಟ್ ಬೇಕು. ಅವರ ಹೆಂಡತಿ ಹುಬ್ಬಳ್ಳಿಯ ಮನೆಯ ಟ್ರಂಕಿನಿಂದ ಹುಡುಕಿ ತೆಗೆದು, ಬೆಂಗಳೂರಿಗೆ, ಅಲ್ಲಿಂದ ಇನ್ನೆಲ್ಲಿಗೋ ಒಬ್ಬರೇ ಅಲೆದು ಠಸ್ಸೆ ಹೊಡೆಸಿ ಕಳಿಸಿದರು. ಕೊನೆಗೂ ಲೇಬರ್ ಕಾರ್ಡಿನಲ್ಲಿ ಮೋಟಾರ್‌ಸೈಕಲ್ ಮೆಕ್ಯಾನಿಕ್ ಎಂದು ಬಂತು. ಡ್ರೈವಿಂಗ್ ಟೆಸ್ಟಿನಲ್ಲಿ ಅವರು ಮೂರು ಸಲ ಫೇಲಾದರು. ಇಪ್ಪತ್ತು ವರ್ಷ ಗಾಡಿ ಓಡಿಸಿದವರು, ಪ್ರಪಂಚದ ಎಲ್ಲ ಎಂಜಿನ್ನುಗಳ ಹೊಟ್ಟೆಯೊಳಗೆ ಕೈಹಾಕಿದವರು! ನಾನು ಪರೀಕ್ಷಕರನ್ನು ಬೈಯತೊಡಗಿದರೆ ತಡೆದರು. "ಅವರನ್ನ ಬೈಬ್ಯಾಡ್ರಿ. ಲೇನ್ ಬದಲಿಸುವಾಗ ನಾ ಹೆಗಲ ಮ್ಯಾಲಿಂದ ತಿರುಗಿ ನೋಡ್ಲಿಲ್ಲ. ಅದು ಖರೇನ ತಪ್ಪು." ಅವರ ಸಿಟ್ಟಿಗೆ ಅಂಥ ಶಿಸ್ತಿತ್ತು. ನ್ಯಾಯವಾದ ಅಡ್ಡಿ ಎದುರಾದರೆ ಮಗುವಿನ ಹಾಗೆ ಮತ್ತೆ ಕಲಿಯಲು ಹೋಗುತ್ತಿದ್ದರು. ಕನ್ನಡಿಯ ಮುಂದೆ ನಿಂತು ಕತ್ತು ತಿರುಗಿಸುವುದನ್ನು ಅಭ್ಯಾಸ ಮಾಡುತ್ತಿದ್ದರೆಂದು ಖಾನ್ ನಗುತ್ತಾ ಹೇಳುತ್ತಿದ್ದ. ನಾಲ್ಕನೇ ಸಲ ಪಾಸಾದರು.

ಮೊದಲ ಸವಾರಿಗೆ ನನ್ನನ್ನು ಕರೆದರು. ನನಗಾಗಿ ಹೊಸ ಹೆಲ್ಮೆಟ್ಟೇ ತಂದಿದ್ದರು. ಒಂದು ಶುಕ್ರವಾರ, ಬಿಸಿಲು ಚೆನ್ನಾಗಿ ಬಿದ್ದ ಮೇಲೆ ಹೊರಟೆವು; ನಸುಕಿನಲ್ಲಿ ಹೊರಡಲು ಅವರು ಸುತಾರಾಂ ಒಪ್ಪಲಿಲ್ಲ. ಎದೆಯ ಜೇಬಿನ ಪ್ಲಾಸ್ಟಿಕ್ ಚೀಲದಲ್ಲಿ ಲೈಸನ್ಸು, ಮುಲ್ಕಿಯಾ ಅಂದರೆ ಗಾಡಿಯ ನೋಂದಣಿ ಕಾರ್ಡು, ಇನ್ಶೂರೆನ್ಸು. ಹತ್ತಾದ ದಾರಿಯಲ್ಲಿ ಒಂದಷ್ಟು ದೂರ ರಸ್ತೆ ಒಮಾನಿನ ನೆಲದಲ್ಲಿ ಹಾಯುತ್ತದೆ. ಆಗ ಅಲ್ಲಿ ತಡೆಯುವವರಿರಲಿಲ್ಲ, ಯಾರೂ ಆ ಬಗ್ಗೆ ಯೋಚಿಸುತ್ತಲೂ ಇರಲಿಲ್ಲ. ಇವರು ಮಾತ್ರ ಆ ತುಣುಕಿಗೂ ಇನ್ಶೂರೆನ್ಸ್ ಅನ್ವಯಿಸುತ್ತದೆಯೇ ಎಂದು ಕೇಳಿ, ಅನ್ವಯಿಸುತ್ತದೆ ಎಂದು ಬರೆಸಿಕೊಂಡು ಬಂದಿದ್ದರು.

ಅವರು ಗಾಡಿ ಓಡಿಸಿದ್ದನ್ನು ಹೇಗೆ ಹೇಳಲಿ? ಕಟ್ಟಡಗಳು ಮುಗಿಯುವವರೆಗೆ ಮೈ ಬಿಗಿಹಿಡಿದು ಕೂತಿದ್ದರು. ಪ್ರತಿ ಲೇನ್ ಬದಲಿಸುವಾಗಲೂ ಕತ್ತು ತಿರುಗುತ್ತಿತ್ತು. ಊರಿನ ಕೊನೆಯ ಸರ್ಕಲ್ ದಾಟಿ ಎರಡೂ ಕಡೆ ಮರಳು ತೆರೆದುಕೊಂಡ ಮೇಲೆ ಅವರ ಹೆಗಲು ಇಳಿಯಿತು. ಲಹಬಾಬ್ ಹತ್ತಿರ ಮರಳಿನ ಬಣ್ಣ ಇಟ್ಟಿಗೆ ಪುಡಿಯ ಹಾಗೆ ಕೆಂಪಾಗುತ್ತದೆ. ಅಲ್ಲಿ ಗಾಡಿ ನಿಲ್ಲಿಸಿ, ಇಳಿದು, ಒಂದು ಹಿಡಿ ಮರಳನ್ನು ಕೈಗೆ ತೆಗೆದುಕೊಂಡು, "ಇದನ್ನ ಎಷ್ಟ್ ಮಂದಿ ಗಾಡಿಯಿಂದ ತೊಳದೀನ್ರಿ ನಾ!" ಎಂದರು. ಮತ್ತೆ ಹತ್ತಿದ ಮೇಲೆ, ಹೆಲ್ಮೆಟ್ಟಿನೊಳಗೆ ಏನೋ ಹಾಡಿಕೊಳ್ಳುತ್ತಿರುವುದು ಬೆನ್ನಿಗೆ ಒತ್ತಿದ್ದ ನನ್ನ ಎದೆಗೆ ತಿಳಿಯುತ್ತಿತ್ತು. ಆಗ ನಿಜ ಹೇಳಿಬಿಡಬೇಕು ಅನ್ನಿಸಿತು. ಗಾಳಿಯ ಸದ್ದಿನಲ್ಲಿ ಕೇಳಿಸುವುದಿಲ್ಲ ಎಂದು ನೆಪ ಮಾಡಿಕೊಂಡೆ.

ದಾರಿಯುದ್ದಕ್ಕೂ ಅವರು ಪೊಲೀಸರನ್ನು ಹುಡುಕುತ್ತಿದ್ದರು. ಎರಡು ಗಸ್ತು ಕಾರುಗಳು ಹಾದುಹೋದವು, ಒಬ್ಬರೂ ಕೈ ಅಡ್ಡ ಮಾಡಲಿಲ್ಲ. ಹತ್ತಾ ತಲುಪಿ, ಕಲ್ಲುಬೆಟ್ಟಗಳ ನಡುವೆ ಊರು ಕಾಣಿಸಿದಾಗ, ಪೊಲೀಸ್ ಠಾಣೆಯ ಮುಂದೆ ನೆರಳಲ್ಲಿ ನಿಂತಿದ್ದ ಒಬ್ಬ ಪೇದೆಯ ಹತ್ತಿರ ತಾವೇ ಗಾಡಿ ನಿಲ್ಲಿಸಿದರು.

"ಫೀ ಮುಷ್ಕಿಲ್?" ಏನಾದರೂ ತೊಂದರೆಯೇ ಎಂದು ಅವನು ಕೇಳಿದ.

"ಮಾಫಿ ಮುಷ್ಕಿಲ್, ಸರ್. ಲೈಸನ್ಸ್ ಶೂಫ್," ತೊಂದರೆಯಿಲ್ಲ, ಲೈಸನ್ಸ್ ನೋಡಿ ಎಂದು ಮಿಸ್ತ್ರಿ ಪ್ಲಾಸ್ಟಿಕ್ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದರು.

ಪೇದೆಗೆ ಅರ್ಥವಾಗಲಿಲ್ಲ. ನನ್ನ ಕಡೆ ನೋಡಿದ. ನಾನು ಕೈಚೆಲ್ಲಿದೆ. ಅವನು ಲೈಸನ್ಸ್ ತೆಗೆದು, ಫೋಟೋ ನೋಡಿ, ಇವರ ಮುಖ ನೋಡಿ, ನಕ್ಕು, "ತಮಾಮ್. ಯಲ್ಲಾ," ಸರಿಯಿದೆ, ಹೊರಡಿ ಎಂದು ಹಿಂದಿರುಗಿಸಿದ.

ಮಿಸ್ತ್ರಿ ನಗಲಿಲ್ಲ. ಗಾಡಿಯನ್ನು ಒಂದು ಬೇವಿನ ಮರದ ಕೆಳಗೆ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಬೆಟ್ಟಗಳ ಕಡೆ ಮುಖ ಮಾಡಿ ನಿಂತರು. ಅವರು ಅಳುತ್ತಿರಬಹುದು ಎಂದುಕೊಂಡು ಹತ್ತಿರ ಹೋದೆ. ಅಳುತ್ತಿರಲಿಲ್ಲ, ಕುದಿಯುತ್ತಿದ್ದರು. "ನೋಡಿದ್ರೇನ್ರಿ? ಅರ್ಧ ನಿಮಿಷ. ಅವಂಗ ನೋಡಾಕ ಅರ್ಧ ನಿಮಿಷ ಹಿಡೀತು. ನಂಗ ನಾಲ್ಕು ವರ್ಷ ಹಿಡಿಸಿದ್ರಲ್ಲ, ಅವರೇನು ಮನುಷ್ಯಾರೇನ್ರಿ?" ನಾನು ಬೆಟ್ಟ ನೋಡುತ್ತಾ ನಿಂತೆ.

ಇಲ್ಲಿಗೆ ಕತೆ ಮುಗಿದಿದ್ದರೆ ನಾನೂ ಇದನ್ನು ಮದುವೆಮನೆಗಳಲ್ಲಿ ಹೇಳಿಕೊಂಡು ತಿರುಗುತ್ತಿದ್ದೆ.

ಎರಡು ತಿಂಗಳಲ್ಲಿ ಮ್ಯಾನೇಜರಿಗೆ ಒಂದು ಉಪಾಯ ಹೊಳೆಯಿತು. "ಲೈಸನ್ಸ್ ಇದೆಯಲ್ಲ, ಇನ್ಮೇಲೆ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬೈಕಲ್ಲಿ ಪಾರ್ಟ್ಸ್ ಡೆಲಿವರಿ ಮಾಡ್ಲಿ. ಸಂಜೆ ರಿಪೇರಿ," ಎಂದರು. ಬೇಡ ಬೇಡವೆಂದು ಅವರೇ ಎರಡೂವರೆ ವರ್ಷ ತಡೆದಿದ್ದ ಲೈಸನ್ಸು! ಮಿಸ್ತ್ರಿ ಕಚೇರಿಗೆ ಬಂದು ನಿಂತರು. "ನನ್ನ ಕಾರ್ಡಿನ್ಯಾಗ ಮೆಕ್ಯಾನಿಕ್ ಅಂತ ಐತಿ. ಡೆಲಿವರಿ ಮಾಡಿದ್ರ ಅದು ಕಾನೂನಿಗೆ ವಿರುದ್ಧ. ಮಾಡಬೇಕು ಅಂದ್ರ ಬರದು ಕೊಡ್ರಿ."

ಮ್ಯಾನೇಜರ್ ಬರೆದದ್ದು ಬೇರೆ. ಮಾರನೆಯ ವಾರ ನನ್ನ ಮೇಜಿಗೆ ಒಂದು ಕರಡು ಬಂತು: ಈ ಕೆಲಸಗಾರ ಎಂಟು ದಿನಗಳಿಂದ ಕೆಲಸಕ್ಕೆ ಬಾರದೆ ತಲೆಮರೆಸಿಕೊಂಡಿದ್ದಾನೆ. ಅಂಥ ದೂರು ದಾಖಲಾದರೆ ಪೊಲೀಸರು ಹಿಡಿಯಬಹುದು, ಊರಿಗಟ್ಟಬಹುದು, ಮತ್ತೆ ಬರದಂತೆ ತಡೆಯಬಹುದು. ಅದನ್ನು ಓದುವ ಹೊತ್ತಿಗೆ ಆ ಮನುಷ್ಯ ಒಂದು ಮೈಲಿ ದೂರದ ಸತ್ವಾದಲ್ಲಿ ಯಾರದೋ ಎಂಜಿನ್ ಬಿಚ್ಚಿಕೊಂಡು ಕೂತಿದ್ದರು. ಆ ಎಂಟೂ ದಿನ ಹಾಜರಿ ಪುಸ್ತಕದಲ್ಲಿ ಅವರ ಸಹಿ ಇತ್ತು. ಪುಸ್ತಕ ನನ್ನ ಡ್ರಾಯರಿನಲ್ಲಿತ್ತು.

"ಸರ್, ಇವರು ದಿನಾ ಬರ್ತಿದಾರಲ್ಲ," ಅಂದೆ.

"ನಿಮ್ಮ ವೀಸಾ ರಿನ್ಯೂವಲ್ ಯಾವಾಗ?" ಎಂದು ಮ್ಯಾನೇಜರ್ ಕೇಳಿದರು.

ನಾನು ಟೈಪು ಮಾಡಿದೆ.

ವಿಷಯ ಗೊತ್ತಾದ ದಿನವೇ ಮಿಸ್ತ್ರಿ ಲೇಬರ್ ಆಫೀಸಿಗೆ ಹೋಗಿ ದೂರು ಕೊಟ್ಟು ಬಂದರು. ವಿಚಾರಣೆಗೆ ದಿನ ಗೊತ್ತಾಯಿತು. ಹಿಂದಿನ ಸಂಜೆ ಕರಾಮದ ನಮ್ಮ ಮನೆಗೆ ಬಂದರು. ಅಂದು ಮೊದಲ ಬಾರಿ ಕುರ್ಚಿಯಲ್ಲಿ ಕೂತರು. ನನ್ನ ಹೆಂಡತಿ ಕೊಟ್ಟ ಚಹಾ ಕುಡಿದರು. "ಹೆಚ್ಚೇನೂ ಬ್ಯಾಡ್ರಿ ಸರ. ಹಾಜರಿ ಪುಸ್ತಕ ತಗೊಂಡು ಬರ್ರಿ. ಇದ್ದದ್ದು ಇದ್ದಂಗ ತೋರಸ್ರಿ. ನನ್ನ ಪರ ಮಾತಾಡ್ರಿ ಅಂತ ಹೇಳಾಕ ಬಂದಿಲ್ಲ."

"ಬರ್ತೀನಿ," ಅಂದೆ.

ಮರುದಿನ ಜ್ವರ ಎಂದು ಕಚೇರಿಗೆ ಫೋನು ಮಾಡಿ ಮನೆಯಲ್ಲಿ ಮಲಗಿದೆ. ನನಗೆ ಜ್ವರ ಇರಲಿಲ್ಲ. ಮಗಳಿಗೆ ಆಗ ಮೂರು ವರ್ಷ, ಶಾಲೆಗೆ ಸೇರಿಸಬೇಕಿತ್ತು, ಮನೆಯ ಬಾಡಿಗೆ ಒಪ್ಪಂದ ಮುಗಿಯುವುದರಲ್ಲಿತ್ತು. ಕಾರಣಗಳಿಗೇನು ಬರ, ಈಗಲೂ ಹತ್ತು ಕೊಡಬಲ್ಲೆ. ಒಂದೂ ನನಗೇ ಸಾಲುವುದಿಲ್ಲ.

ಸಾಕ್ಷಿಗೆ ಹೋದದ್ದು ಖಾನ್. ಅವನಿಗೂ ಮಕ್ಕಳಿದ್ದರು, ಪೇಶಾವರದಲ್ಲಿ, ಐದು. ಅವನ ವೀಸಾವೂ ಅದೇ ಮ್ಯಾನೇಜರ ಕೈಯಲ್ಲಿತ್ತು. ಅವನಿಗೆ ಓದಲು ಬರುತ್ತಿರಲಿಲ್ಲ. ಆದರೂ ಗ್ಯಾರೇಜಿನ ಬಿಲ್ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗಿ ಅಧಿಕಾರಿಯ ಮುಂದೆ ಬಿಡಿಸಿಟ್ಟ. ಆ ಎಂಟು ದಿನಗಳ ಒಂದೊಂದು ಬಿಲ್ಲಿನಲ್ಲೂ ತಾರೀಕು, ಗಿರಾಕಿಯ ಹೆಸರು, ಕೆಳಗೆ ಮಿಸ್ತ್ರಿಯ ಕನ್ನಡ ಸಹಿ. "ಭಾಗಾ ಹುವಾ ಆದ್ಮೀ ಬಿಲ್ ಪೇ ಸೈನ್ ಕರ್ತಾ ಹೈ ಕ್ಯಾ?" ಓಡಿಹೋದವನು ಬಿಲ್ಲಿಗೆ ಸಹಿ ಹಾಕುತ್ತಾನೆಯೇ ಎಂದು ಅವನೇ ಅಧಿಕಾರಿಯನ್ನು ಕೇಳಿದನಂತೆ. ದೂರು ರದ್ದಾಯಿತು. ಮ್ಯಾನೇಜರ್ ಎಲ್ಲರ ಎದುರಿಗೆ ಬೈಸಿಕೊಂಡರು. ಬೇರೆ ಕಂಪನಿಗೆ ಸೇರಲು ಮಿಸ್ತ್ರಿಗೆ ಅನುಮತಿ ಸಿಕ್ಕಿತು. ಅವರು ಶಾರ್ಜಾದ ಒಂದು ಗ್ಯಾರೇಜಿಗೆ ಸೇರಿದರು. ಮೂರು ತಿಂಗಳಲ್ಲಿ ಖಾನ್‌ನನ್ನೂ ಕರೆಸಿಕೊಂಡರು.

ನನ್ನನ್ನು ಮಿಸ್ತ್ರಿ ಬೈಯಲಿಲ್ಲ. ಗ್ಯಾರೇಜಿನ ಬೀಗದ ಕೈ ಒಪ್ಪಿಸಲು ಕಚೇರಿಗೆ ಬಂದಾಗ ಅದನ್ನು ನನ್ನ ಕೈಗೆ ಕೊಡದೆ ಮೇಜಿನ ಮೇಲಿಟ್ಟು, ರಸೀತಿ 'ಬರದು ಕೊಡ್ರಿ' ಎಂದೂ ಕೇಳದೆ ಹೊರಟುಹೋದರು.

ಆರೇಳು ವರ್ಷದ ಮೇಲೆ ಮತ್ತೊಮ್ಮೆ ನೋಡಿದೆ. ನಾನಾಗ ಕಾರು ಕೊಂಡಿದ್ದೆ, ಅಲ್ ಬರ್ಷಾದಲ್ಲಿ ಮನೆ ಮಾಡಿದ್ದೆ. ಶುಕ್ರವಾರ ಹೆಂಡತಿ, ಮಗಳ ಜೊತೆ ಫುಜೈರಾದ ಕಡಲತೀರಕ್ಕೆ ಹೊರಟವನು ಬೆಟ್ಟದ ತಪ್ಪಲಿನ ಒಂದು ಪೆಟ್ರೋಲ್ ಪಂಪಿನಲ್ಲಿ ನಿಲ್ಲಿಸಿದ್ದೆ. ಪಕ್ಕದಲ್ಲಿ ಅದೇ ಜಪಾನೀ ಬೈಕು. ಮಿಸ್ತ್ರಿಯ ತಲೆ ಪೂರ್ತಿ ಬೆಳ್ಳಗಾಗಿತ್ತು. ಹಿಂದಿನ ಸೀಟಿನಿಂದ ಇಳಿದು ನಿಂತಿದ್ದವರು ಅವರ ಹೆಂಡತಿ: ಇಳಕಲ್ ಸೀರೆ, ಕಾಲಿಗೆ ಶೂ, ಕೈಯಲ್ಲಿ ಹೆಲ್ಮೆಟ್ಟು. ವಿಸಿಟ್ ವೀಸಾದಲ್ಲಿ ಬಂದು ಒಂದು ವಾರವಾಗಿತ್ತೆಂದು ಆಕೆ ನನ್ನ ಹೆಂಡತಿಯ ಜೊತೆ ಮಾತಿಗಿಳಿದರು. "ಕುಂತು ಕುಂತು ಸ್ವಾಂಟ ಹಿಡದ ಹೋಗೇತ್ರಿ, ಆದ್ರ ಭಾಳ ಚಂದ ಐತಿ," ಎಂದು ನಕ್ಕರು.

ನನ್ನ ಮಗಳು ಬೈಕಿನ ಸುತ್ತ ಒಂದು ಸುತ್ತು ಬಂದು, "ಅಂಕಲ್, ಕ್ಯಾನ್ ಐ ಸಿಟ್ ಆನ್ ಇಟ್?" ಎಂದಳು.

"ಕೂಡವ್ವಾ. ಸೈಲೆನ್ಸರ್ ಬಿಸಿ ಐತಿ, ಕಾಲು ತಾಕಸಬ್ಯಾಡ," ಎಂದು ಅವಳನ್ನು ಎತ್ತಿ ಕೂರಿಸಿದರು. ಯಾವ ಕ್ಲಾಸು ಎಂದು ಕೇಳಿದರು. ಹ್ಯಾಂಡಲ್ ಹಿಡಿಯುವುದು ಹೇಗೆ, ತಿರುಗುವ ಮುಂಚೆ ಹೆಗಲ ಮೇಲಿಂದ ಹಿಂದೆ ನೋಡುವುದು ಹೇಗೆ ಎಂದು ತೋರಿಸಿಕೊಟ್ಟರು. ಅವಳು ಕತ್ತು ತಿರುಗಿಸಿ ನೋಡಿದಾಗ "ಶಾಣ್ಯಾ ಅದೀ" ಎಂದು ಬೆನ್ನು ತಟ್ಟಿದರು.

ನಾನು ಎರಡು ಹೆಜ್ಜೆ ಹತ್ತಿರ ಹೋಗಿ, "ಮಿಸ್ತ್ರಿ, ಚೆನ್ನಾಗಿದೀರಾ?" ಎಂದೆ.

ಅವರು ನನ್ನ ಮುಖವನ್ನು ನೇರವಾಗಿ ನೋಡಿದರು. ಆಮೇಲೆ ಮಗಳನ್ನು ಇಳಿಸಿ, ಹೆಂಡತಿಗೆ ಹೆಲ್ಮೆಟ್ ಹಾಕಿ, ಗದ್ದದ ಕೆಳಗಿನ ಪಟ್ಟಿಯನ್ನು ಬಿಗಿ ಮಾಡಿ, ಎರಡು ಬೆರಳು ತೂರಿಸಿ ಸರಿಯಿದೆಯೇ ಎಂದು ನೋಡಿದರು. ನನ್ನ ಹೆಂಡತಿಗೆ ಕೈಮುಗಿದರು. ಗಾಡಿ ಹತ್ತಿ, ಹಿಂದೆ ತಿರುಗಿ ರಸ್ತೆ ನೋಡಿ, ಬೆಟ್ಟದ ದಾರಿ ಹಿಡಿದರು.

ಕಾರಿನಲ್ಲಿ ಮಗಳು ಕೇಳಿದಳು: "ಅಪ್ಪಾ, ವೈ ಡಿಡಿಂಟ್ ದಟ್ ಅಂಕಲ್ ಆನ್ಸರ್ ಯೂ?"

"ಅವರಿಗೆ ಕೇಳಿಸಲಿಲ್ಲ ಅಂತ ಕಾಣುತ್ತೆ ಪುಟ್ಟಾ," ಅಂದೆ.

ಅವರಿಗೆ ಕೇಳಿಸಿತ್ತು.